ಎರಡು ಅವಧಿಯ ನಿಯಮ ಬಿದ್ದದ್ದು ಹೇಗೆ? ಮುಂಬಯಿಯ ಒಂದು ಕನ್ನಡ ಸಂಘದ ಪ್ರಕರಣ

ಮುಂಬಯಿಯ ಮಧ್ಯ ರೈಲ್ವೆ ದಾರಿಯ ಒಂದು ಉಪನಗರದಲ್ಲಿ ಹಳೆಯ ಕನ್ನಡ ಸಂಘವೊಂದಿದೆ. ಸ್ವಂತ ಸಭಾಗೃಹ, ಅದರ ಕೆಳಗೆ ಬಾಡಿಗೆಗೆ ಕೊಟ್ಟ ಎರಡು ಅಂಗಡಿ, ಗಣೇಶೋತ್ಸವ, ಶನಿಪೂಜೆ, ಜೂನ್ ತಿಂಗಳಲ್ಲಿ ಮಕ್ಕಳಿಗೆ ಪುಸ್ತಕ ವಿತರಣೆ, ಮಳೆಗಾಲದಲ್ಲಿ ಊರಿನ ಮೇಳದ ಒಂದು ಯಕ್ಷಗಾನ. ಸದಸ್ಯರಲ್ಲಿ ಹೆಚ್ಚಿನವರು ಕರಾವಳಿಯವರು: ಹೋಟೆಲು ನಡೆಸುವವರು, ಹೋಟೆಲಿನಲ್ಲಿ ದುಡಿಯುವವರು, ಬ್ಯಾಂಕಿನಿಂದ ನಿವೃತ್ತರಾದವರು. ಈಚೆಗೆ ಪವಾಯಿ, ಐರೋಲಿಯ ಐಟಿ ಕಂಪನಿಗಳಿಗೆ ಹೋಗುವ ಅವರ ಮಕ್ಕಳೂ ಸೇರಿದ್ದಾರೆ. ಸಂಘದ ಹೆಸರನ್ನೂ ಗುರುತು ಸಿಗುವ ವಿವರಗಳನ್ನೂ ಬಿಟ್ಟಿದ್ದೇನೆ. ಲೆಕ್ಕ ಪರಿಶೋಧಕರ ಕಚೇರಿಯಿಂದ ಅಲ್ಲಿಗೆ ಹೋಗಿ ಬರುವವನು ನಾನು. ಸದಸ್ಯನಲ್ಲ, ಮತವಿಲ್ಲ, ಹಾಗಾಗಿ ಎರಡೂ ಕಡೆಯವರು ನನ್ನ ಮುಂದೆ ಬಾಯಿಬಿಟ್ಟು ಮಾತಾಡಿದರು.

ಪ್ರಕರಣ ಇಷ್ಟು. ಸಂಘದ ಬೈಲಾಕ್ಕೆ ತಿದ್ದುಪಡಿ ತರಬೇಕೆಂದು ಒಂದು ಉಪಸಮಿತಿ ರಚನೆಯಾಯಿತು. ಯುವ ವಿಭಾಗದ ನಾಲ್ಕು ಮಂದಿ, ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ, ಮಹಾನಗರ ಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಒಬ್ಬ ಟೀಚರ್. ಅವರು ಸಿದ್ಧಪಡಿಸಿದ ಕರಡಿನಲ್ಲಿ ನಾಲ್ಕು ಮುಖ್ಯ ಸಂಗತಿಗಳಿದ್ದವು. ಪದಾಧಿಕಾರಿಗಳು ಮೂರು ವರ್ಷದ ಸತತ ಎರಡು ಅವಧಿಗಿಂತ ಹೆಚ್ಚು ಒಂದೇ ಹುದ್ದೆಯಲ್ಲಿ ಇರಕೂಡದು. ಕುಟುಂಬಕ್ಕೊಂದು ಮತ ಎಂಬ ಹಳೆಯ ಪದ್ಧತಿ ಹೋಗಿ ವಯಸ್ಕರಿಗೆಲ್ಲ ಪ್ರತ್ಯೇಕ ಸದಸ್ಯತ್ವ ಸಿಗಬೇಕು. ಮಹಿಳಾ ವಿಭಾಗ, ಯುವ ವಿಭಾಗಗಳ ಬೇರೆ ಬೇರೆ ಪಾಸ್‌ಬುಕ್ ಮುಚ್ಚಿ ಹಣವೆಲ್ಲ ಮುಖ್ಯ ಖಾತೆಗೆ ಬರಬೇಕು. ಮೂರು ತಿಂಗಳಿಗೊಮ್ಮೆ ಜಮಾಖರ್ಚನ್ನು ನೋಟಿಸ್ ಬೋರ್ಡಿಗೆ ಹಾಕಬೇಕು. ನಾಲ್ಕನ್ನೂ ಸೇರಿಸಿ ಒಂದೇ ಠರಾವು ಮಾಡಿದರು.

ವಾರ್ಷಿಕ ಮಹಾಸಭೆಯಲ್ಲಿ ಅದು ಬಿತ್ತು. ಹಾಜರಿದ್ದವರಲ್ಲಿ ಮೂರರಲ್ಲಿ ಎರಡು ಪಾಲು ಬೇಕಿತ್ತು, ಅರ್ಧವೂ ಬರಲಿಲ್ಲ.

ಸಭೆ ಮುಗಿದು ಶಿರಾ, ಉಪ್ಪಿಟ್ಟು ತಿನ್ನುವಾಗ ಯುವ ವಿಭಾಗದವರ ಬಾಯಲ್ಲಿ ಒಂದೇ ಮಾತು: "ಕುರ್ಚಿ ಬಿಡುವ ಮನಸ್ಸಿಲ್ಲ ಇವರಿಗೆ." ಸುಧಾರಣೆ ಸೋತಲ್ಲೆಲ್ಲ ಕೇಳಿಬರುವ ಮಾತು ಇದು, ತಪ್ಪೇನಲ್ಲ. ಅಧ್ಯಕ್ಷರು ಹದಿನಾಲ್ಕು ವರ್ಷದಿಂದ ಅಧ್ಯಕ್ಷರು. ಆ ಕುರ್ಚಿಯಿಂದ ಅವರಿಗೆ ದುಡ್ಡು ಬರುವುದಿಲ್ಲ, ಕೈಯಿಂದಲೇ ಖರ್ಚಾಗುತ್ತದೆ. ಆದರೆ ಊರಿನ ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ಮುಂಬಯಿ ಸಮಿತಿ ಮಾಡುವಾಗ ಮೊದಲ ಹೆಸರು ಅವರದು. ಆಮಂತ್ರಣ ಪತ್ರಿಕೆಯಲ್ಲಿ ಪದವಿ ಸಮೇತ ಅಚ್ಚಾಗುತ್ತದೆ. ವಾರ್ಡ್ ಆಫೀಸಿನಲ್ಲಿ ಹೋಟೆಲಿನ ಲೈಸನ್ಸ್ ಕೆಲಸಕ್ಕೆ ಹೋದಾಗ ಸಂಘದ ವಿಸಿಟಿಂಗ್ ಕಾರ್ಡಿಗೆ ಒಂದು ಬೆಲೆ ಇದೆ. ಇದನ್ನೆಲ್ಲ ಯಾರೂ ಸುಮ್ಮನೆ ಬಿಟ್ಟುಕೊಡುವುದಿಲ್ಲ. ಆದರೆ ಅಧ್ಯಕ್ಷರದು ಒಂದು ಮತ, ಅವರ ಆಪ್ತರದು ಇಪ್ಪತ್ತು ಮೂವತ್ತು ಇರಬಹುದು. ಉಳಿದ ಅಷ್ಟು ಜನ ಕೈ ಎತ್ತದೆ ಕೂತದ್ದು ಯಾಕೆ? ಕುರ್ಚಿ ಮೋಹದ ವಿವರಣೆ ಅವರನ್ನು ಮುಟ್ಟುವುದಿಲ್ಲ. ಅವರಿಗೆ ಕುರ್ಚಿಯೇ ಇರಲಿಲ್ಲ.

ಕೋಶಾಧಿಕಾರಿಯ ಕೆಂಪು ವಹಿ

ಮೊದಲು ಕೋಶಾಧಿಕಾರಿಯ ವಿಷಯ. ಎಲ್ಲರೂ ಅವರನ್ನು ಅಣ್ಣ ಎಂದೇ ಕರೆಯುತ್ತಾರೆ. ಎಪ್ಪತ್ತು ದಾಟಿದ್ದಾರೆ. ಸಂಘದ ಲೆಕ್ಕ ಕಂಪ್ಯೂಟರಿನಲ್ಲಿದೆ, ಅದನ್ನು ಒಬ್ಬ ಹುಡುಗ ಬರೆಯುತ್ತಾನೆ. ಅಣ್ಣನ ಹತ್ತಿರ ಇರುವುದು ಕೆಂಪು ಬಟ್ಟೆಯ ರಟ್ಟಿನ ಒಂದು ವಹಿ, ಮಾರ್ವಾಡಿ ಅಂಗಡಿಗಳಲ್ಲಿ ದೀಪಾವಳಿಗೆ ಪೂಜೆ ಮಾಡುತ್ತಾರಲ್ಲ, ಅಂಥದ್ದು. ಆಡಿಟ್ ಸಮಯದಲ್ಲಿ ಒಂದು ಮುಂಗಡದ ಬಗ್ಗೆ ಕೇಳಿದಾಗ ಅದನ್ನು ನನ್ನ ಮುಂದೆ ಬಿಚ್ಚಿದರು. ಎಡಗಡೆ ಹೆಸರು, ಹೋಟೆಲು, ಊರು. ಬಲಗಡೆ ಮೊತ್ತ. ಕೆಳಗೆ ಪೆನ್ಸಿಲಿನಲ್ಲಿ "ಬಂತು" ಅಥವಾ "ಬಿಟ್ಟದ್ದು".

ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದ ಹುಡುಗನೊಬ್ಬ ರಾತ್ರಿ ರೈಲು ಹಳಿ ದಾಟುವಾಗ ತೀರಿಕೊಂಡರೆ ಏನೇನು ಆಗಬೇಕು ಎಂದು ಆ ವಹಿಯ ಒಂದು ಪುಟ ನೋಡಿದರೆ ತಿಳಿಯುತ್ತದೆ. ರೈಲ್ವೆ ಪೊಲೀಸರ ಪಂಚನಾಮೆ, ಸಯನ್ ಆಸ್ಪತ್ರೆಯಲ್ಲಿ ಪೋಸ್ಟ್‌ಮಾರ್ಟಂ, ಶವವನ್ನು ಬೇರೆ ರಾಜ್ಯಕ್ಕೆ ಒಯ್ಯಲು ಪೊಲೀಸರ ಎನ್‌ಒಸಿ, ಎಂಬಾಮಿಂಗ್ ಸರ್ಟಿಫಿಕೇಟು, ಆಂಬ್ಯುಲೆನ್ಸಿನವನಿಗೆ ಮುಂಗಡ, ಉಡುಪಿ ಕಡೆಯ ಹಳ್ಳಿಯಲ್ಲಿ ಕಾದು ಕೂತ ಮನೆಯವರಿಗೆ ಫೋನು. ಎರಡು ಗಂಟೆ ರಾತ್ರಿಗೆ ಯಾರಿಗೆ ಫೋನು ಮಾಡಬೇಕು ಎಂದು ಆ ಭಾಗದ ಹೋಟೆಲಿನ ಪ್ರತಿಯೊಬ್ಬ ಕ್ಯಾಶಿಯರಿಗೂ ಗೊತ್ತು. ಅಣ್ಣ ಮೊದಲು ತಮ್ಮ ಜೇಬಿನಿಂದ ಕೊಡುತ್ತಾರೆ. ಆಮೇಲೆ ನಾಲ್ಕಾರು ಹೋಟೆಲಿಗೆ ಹೋಗಿ ಗಲ್ಲಾದ ಮುಂದೆ ನಿಲ್ಲುತ್ತಾರೆ, ಹಣ ಕೂಡುತ್ತದೆ. ಹೀಗೆ ಕೂಡಿದ್ದರಲ್ಲಿ ಸ್ವಲ್ಪ ಮಾತ್ರ ಸಂಘದ ರಸೀದಿ ಪುಸ್ತಕಕ್ಕೆ ಬರುತ್ತದೆ, ಹೆಚ್ಚಿನದು ಬರುವುದಿಲ್ಲ. ಆಡಿಟರ್ ಕಣ್ಣಿಗೆ ಇದು ದೋಷ. ನಾವು ಪ್ರತಿ ವರ್ಷ ಬರೆಯುತ್ತೇವೆ, ಅವರು ಪ್ರತಿ ವರ್ಷ ತಲೆಯಾಡಿಸುತ್ತಾರೆ.

ಸಂಘದ ಬೈಲಾ ಎಷ್ಟು ತಿರುವಿದರೂ ಅದರಲ್ಲಿ ಈ ಕೆಲಸದ ಒಂದು ಸಾಲೂ ಇಲ್ಲ. ಕರಡು ಬರೆದವರು ಕಂಡದ್ದು ಬೈಲಾದಲ್ಲಿ ಇದ್ದ ಕೋಶಾಧಿಕಾರಿಯನ್ನು: ಚೆಕ್ಕಿಗೆ ಸಹಿ ಹಾಕುವವನು, ಲೆಕ್ಕ ಒಪ್ಪಿಸುವವನು. ಅವನನ್ನು ಆರು ವರ್ಷಕ್ಕೊಮ್ಮೆ ಬದಲಾಯಿಸಿದರೆ ಒಳ್ಳೆಯದೇ. ಸಭೆಯಲ್ಲಿ ಕೂತ ಹೋಟೆಲ್ ಕಾರ್ಮಿಕರಿಗೆ ಗೊತ್ತಿದ್ದದ್ದು ವಹಿಯ ಕೋಶಾಧಿಕಾರಿಯನ್ನು. ಅವರಲ್ಲಿ ಒಬ್ಬರು, ಎಂದೂ ಮಾತಾಡದವರು, ಎದ್ದು ನಿಂತು ಕೇಳಿದ್ದು ಇಷ್ಟೇ: "ಅಣ್ಣ ಇಲ್ಲದಿದ್ರೆ ನಾಳೆ ನಮ್ಗೆ ಎಂತಾದ್ರೂ ಆದ್ರೆ ಯಾರಿಗೆ ಫೋನ್ ಮಾಡುದು? ಅದನ್ನೂ ಅದ್ರಲ್ಲಿ ಬರ್ದಿದೀರಾ?" ಬರೆದಿರಲಿಲ್ಲ. ಯುವ ವಿಭಾಗದ ಕಾರ್ಯದರ್ಶಿ "ಅದಕ್ಕೊಂದು ಹೆಲ್ಪ್‌ಲೈನ್ ಮಾಡಬಹುದು" ಎಂದ. ಹಿಂದಿನ ಸಾಲುಗಳಲ್ಲಿ ನಗು ಎದ್ದಿತು. ನನ್ನ ಲೆಕ್ಕದಲ್ಲಿ ಠರಾವು ಬಿದ್ದದ್ದು ಆ ಗಳಿಗೆಯಲ್ಲಿ, ಮತ ಎಣಿಸಿದ್ದು ಆಮೇಲಿನ ಶಾಸ್ತ್ರ.

ವರ್ಳಿಯ ಕಡತ

ಅಣ್ಣ ಸ್ವತಃ ಆಡಿದ್ದು ಬೇರೆ ಮಾತು, ಅದು ಇನ್ನೂ ಗಟ್ಟಿಯಾಗಿತ್ತು. ಮಹಾರಾಷ್ಟ್ರದಲ್ಲಿ ಇಂಥ ಸಂಘ 1860ರ ಸಂಸ್ಥೆಗಳ ನೋಂದಣಿ ಕಾಯ್ದೆಯ ಕೆಳಗೂ ಬರುತ್ತದೆ, 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ ಕೆಳಗೂ ಬರುತ್ತದೆ. ಸಮಿತಿ ಬದಲಾದರೆ 22ನೇ ಕಲಮಿನ ಪ್ರಕಾರ 90 ದಿನದೊಳಗೆ ವರ್ಳಿಯಲ್ಲಿರುವ ಚಾರಿಟಿ ಕಮಿಷನರ್ ಕಚೇರಿಗೆ ಚೇಂಜ್ ರಿಪೋರ್ಟ್ ಕೊಡಬೇಕು. ಅದು ಮಂಜೂರಾದರೆ ಮಾತ್ರ ಹೊಸಬರ ಹೆಸರು ಶೆಡ್ಯೂಲ್ ಒಂದರ, ಅಂದರೆ ಆ ಕಚೇರಿಯ ಟ್ರಸ್ಟ್ ದಾಖಲೆಯ, ಪುಟಕ್ಕೆ ಏರುತ್ತದೆ. ಬ್ಯಾಂಕಿನವರು ಸಹಿ ಬದಲಾಯಿಸಲು ಕೇಳುವುದು ಆ ಪುಟದ ನಕಲನ್ನೇ. ಈ ಸಂಘದ ಹಿಂದಿನ ಎರಡು ಚೇಂಜ್ ರಿಪೋರ್ಟುಗಳು ವರ್ಳಿಯ ಕಚೇರಿಯಲ್ಲಿ ಬಾಕಿ ಇವೆ. ಶೆಡ್ಯೂಲ್ ಒಂದರಲ್ಲಿ ಇವತ್ತಿಗೂ ಇರುವ ಹೆಸರುಗಳಲ್ಲಿ ಒಬ್ಬರು ಸತ್ತಿದ್ದಾರೆ, ಒಬ್ಬರು ಊರಿಗೆ ಹೋಗಿ ನೆಲೆಸಿದ್ದಾರೆ.

"ಮೂರು ವರ್ಷಕ್ಕೊಮ್ಮೆ ಹೊಸ ಮುಖ ತನ್ನಿ, ನನಗೇನೂ ಬೇಜಾರಿಲ್ಲ," ಎಂದರು ಅಣ್ಣ. "ಆದ್ರೆ ಹಿಂದಿನದ್ದು ಪಾಸಾಗದೆ ಮುಂದಿನದ್ದು ಎಲ್ಲಿ ಹೋಗಿ ನಿಲ್ತದೆ? ಬ್ಯಾಂಕಿನಲ್ಲಿ ಚೆಕ್ ನಿಂತರೆ ಗಣಪತಿ ತರುದು ಯಾರು?" ಇದನ್ನು ನೆಪ ಎಂದು ತಳ್ಳಿಹಾಕಿದವರಿದ್ದರು. ವರ್ಳಿಯ ಮೆಟ್ಟಿಲು ಹತ್ತಿದವರು ಯಾರೂ ಹಾಗೆ ಹೇಳಲಾರರು. ನಿವೃತ್ತ ಬ್ಯಾಂಕ್ ಅಧಿಕಾರಿಯೂ ಸುಮ್ಮನಾದದ್ದು ಇಲ್ಲಿಯೇ. ಕೌಂಟರಿನ ಆಚೆ ಕೂತು ಇಂಥ ಎಷ್ಟೋ ಸಂಘಗಳನ್ನು ಅದೇ ನಕಲು ತನ್ನಿ ಎಂದು ವಾಪಸು ಕಳಿಸಿದವರು ಅವರು.

ಮಹಿಳಾ ವಿಭಾಗದ ಪಾಸ್‌ಬುಕ್

ಎಲ್ಲರಿಗೂ ಆಶ್ಚರ್ಯವಾದದ್ದು ಮಹಿಳಾ ವಿಭಾಗ. ಕುಟುಂಬಕ್ಕೊಂದು ಮತ ಎಂದರೆ ಗಂಡನ ಮತ. ಅರಶಿನ ಕುಂಕುಮ, ಪುಸ್ತಕ ವಿತರಣೆ, ಗಣಪತಿಯ ದಿನ ಐನೂರು ಜನರ ಊಟದ ಉಸ್ತುವಾರಿ ಎಲ್ಲ ಹೆಂಗಸರದು. ತಿದ್ದುಪಡಿ ಅವರಿಗೆ ಮತ ಕೊಡುತ್ತಿತ್ತು. ವಿಭಾಗದಲ್ಲಿ ಗಂಡನನ್ನು ಕಳೆದುಕೊಂಡು ಕುಟುಂಬದ ಸದಸ್ಯತ್ವ ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದವರು ಕೆಲವರಿದ್ದರು, ಅವರಿಗೆ ಅಂದೂ ಮತವಿತ್ತು. ಬಹುಪಾಲು ವಿರುದ್ಧ ಹಾಕಿದರು. ಮಿಕ್ಕವರು ಮನೆಯಲ್ಲಿ ಗಂಡಂದಿರಿಗೆ ಹೇಳಿ ಕಳಿಸಿದ್ದೂ ಅದನ್ನೇ.

ಕಾರಣ ಮೂರನೆಯ ಅಂಶ. ಮಹಿಳಾ ವಿಭಾಗದ ಪಾಸ್‌ಬುಕ್ಕಿನಲ್ಲಿ ಇದ್ದದ್ದು ದೊಡ್ಡ ಮೊತ್ತವಲ್ಲ: ಹಪ್ಪಳ, ಸಂಡಿಗೆ, ಚಕ್ಕುಲಿ ಮಾಡಿ ಮಾರಿದ್ದು, ಮನೆಮನೆಯಿಂದ ಎತ್ತಿದ್ದು. ಆದರೆ ಅದನ್ನು ಖರ್ಚು ಮಾಡಲು ಯಾವ ಗಂಡಸಿನ ಸಹಿಯೂ ಬೇಕಾಗಿರಲಿಲ್ಲ. ಗಂಡ ಕುಡಿದು ಹೊಡೆದಾಗ ಮಗುವಿನ ಶಾಲೆಯ ಫೀಸು ಕಟ್ಟಿದ್ದು ಆ ಪಾಸ್‌ಬುಕ್ಕಿನಿಂದ. ವರ್ಷಕ್ಕೊಮ್ಮೆ ಎತ್ತುವ ಕೈಗಿಂತ ಅದು ಅವರಿಗೆ ದೊಡ್ಡದು. ವಿಭಾಗದ ಕಾರ್ಯಾಧ್ಯಕ್ಷೆ ನನಗೆ ಹೇಳಿದ ಮಾತಿನಲ್ಲಿ ಸಿಟ್ಟಿರಲಿಲ್ಲ: "ಮತ ಕೊಡ್ತೀವಿ, ಹಣ ಕೊಡಿ ಅಂದ ಹಾಗಾಯ್ತಲ್ಲ."

ಕರಡು ಬರೆದವರ ಉದ್ದೇಶ ಕೆಟ್ಟದ್ದೇನಾಗಿರಲಿಲ್ಲ. ಆ ಖಾತೆ ಇಬ್ಬರು ಹೆಂಗಸರ ಸ್ವಂತ ಹೆಸರಿನಲ್ಲಿತ್ತು. ಶೆಡ್ಯೂಲ್ ಒಂದರ ತಾಪತ್ರಯದಿಂದ ಸಂಘದ ಹೆಸರಲ್ಲಿ ತೆರೆಯಲು ಆಗದೆ ಹಾಗೆ ಮಾಡಿದ್ದರು. ಬಡ್ಡಿ ಅವರ ಪ್ಯಾನ್ ಸಂಖ್ಯೆಗೆ ಹೋಗುತ್ತಿತ್ತು, ಸಂಘದ ಲೆಕ್ಕದಲ್ಲಿ ಹಣ ಕಾಣುತ್ತಲೇ ಇರಲಿಲ್ಲ. ನಾಳೆ ಇಬ್ಬರಲ್ಲಿ ಒಬ್ಬರಿಗೆ ಏನಾದರೂ ಆದರೆ ಹಣ ವಾರಸುದಾರರ ಪಾಲು. ಸರಿಪಡಿಸಲೇಬೇಕಾದ ಸಂಗತಿ ಇದು. ಆದರೆ ಯಾವ ಭಯಕ್ಕೆ ಆ ವ್ಯವಸ್ಥೆ ಹುಟ್ಟಿತ್ತೋ ಅದನ್ನು ಕೇಳದೆ ವ್ಯವಸ್ಥೆಯನ್ನು ಮಾತ್ರ ಮುಚ್ಚಲು ಹೊರಟರು. ನಾಲ್ಕು ಅಂಶ ಒಂದೇ ಠರಾವಿನಲ್ಲಿ ಕಟ್ಟಿದ್ದರಿಂದ ಪ್ರತಿಯೊಂದರ ವಿರೋಧಿಗಳೂ ಒಟ್ಟಾದರು, ಬೆಂಬಲಿಗರು ಮಾತ್ರ ಚದುರಿದರು.

ಅದೇ ಜನ, ಬೇರೆ ಸುಧಾರಣೆ

ಹಾಗಾದರೆ ಈ ಹಿರಿಯರು ಬದಲಾವಣೆ ಎಂದರೆ ಮೂಗು ಮುರಿಯುವವರೇ? ಅಲ್ಲ ಎನ್ನಲು ನನ್ನ ಹತ್ತಿರ ಪುರಾವೆ ಇದೆ. 2021ರ ಏಪ್ರಿಲಿನಿಂದ ಆದಾಯ ತೆರಿಗೆಯ ನಿಯಮ ಬದಲಾಯಿತು. ಟ್ರಸ್ಟಿನ ಆದಾಯಕ್ಕೂ ದಾನಿಗಳ ದೇಣಿಗೆಗೂ ತೆರಿಗೆ ರಿಯಾಯಿತಿ ಕೊಡಿಸುವ, ಶಾಶ್ವತವೆಂದು ತಿಳಿದಿದ್ದ 12ಎ, 80ಜಿ ನೋಂದಣಿಯನ್ನು ಎಲ್ಲ ಟ್ರಸ್ಟುಗಳೂ ಹೊಸದಾಗಿ ಮಾಡಿಸಬೇಕಾಯಿತು. ಅದರ ಜೊತೆ 10ಬಿಡಿ ಎಂಬ ಫಾರ್ಮ್ ಬಂತು: ಯಾರು ಎಷ್ಟು ದೇಣಿಗೆ ಕೊಟ್ಟರು ಎಂದು ಅವರ ಪ್ಯಾನ್ ಅಥವಾ ಬೇರೆ ಗುರುತಿನ ಸಂಖ್ಯೆ ಸಮೇತ ಒಪ್ಪಿಸಬೇಕು, ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. "ಒಬ್ಬ ದಾನಿಗಳು" ಎಂದು ಬರೆಸಿ ಹಣ ಕೊಡುವ ಊರಿನ ರೂಢಿಯವರಿಗೆ ಇದಕ್ಕಿಂತ ದೊಡ್ಡ ಪಲ್ಲಟ ಇರಲಾರದು. ಎರಡು ಅವಧಿಯ ನಿಯಮ ಇದರ ಮುಂದೆ ಏನೂ ಅಲ್ಲ.

ಒಂದೇ ವರ್ಷದಲ್ಲಿ ಜಾರಿಯಾಯಿತು. ಹೋಟೆಲಿನಿಂದ ಹೋಟೆಲಿಗೆ ಹೋಗಿ ಪ್ಯಾನ್ ಕಾರ್ಡಿನ ಜೆರಾಕ್ಸ್ ಕೂಡಿಸಿದವರು ಅಣ್ಣ. ಗೊಣಗಿದವರಿಗೆ ವಿವರಿಸಿದವರೂ ಅವರೇ. ಕೆಲವು ದಾನಿಗಳು ನಗದು ನಿಲ್ಲಿಸಿ ಗಣಪತಿಗೆ ನೇರವಾಗಿ ಅಕ್ಕಿ, ಬೆಲ್ಲ, ತೆಂಗಿನಕಾಯಿ ಕಳಿಸತೊಡಗಿದರು. ಸಣ್ಣ ಸೋರಿಕೆ ಅಷ್ಟೇ. ದಂಡದ ಹೆದರಿಕೆ ಕೆಲಸ ಮಾಡಿತು ಎನ್ನಬಹುದು, ಅದು ನಿಜ. ಆದರೆ ದಂಡ ಚೇಂಜ್ ರಿಪೋರ್ಟಿಗೂ ಇದೆ, ಅದಕ್ಕೆ ಯಾರೂ ಅಷ್ಟು ಓಡಾಡಲಿಲ್ಲ. ನನಗೆ ಕಾಣುವ ವ್ಯತ್ಯಾಸ ಬೇರೆ. 10ಬಿಡಿ ಬಂದಾಗ ಅಣ್ಣನ ಕೆಲಸ ಹೆಚ್ಚಾಯಿತು, ಅವರ ಪರಿಚಯದ ಬೆಲೆ ಹೆಚ್ಚಾಯಿತು. ಅವರಿಲ್ಲದೆ ಆ ಫಾರ್ಮ್ ತುಂಬುತ್ತಿರಲಿಲ್ಲ. ಎರಡು ಅವಧಿಯ ನಿಯಮದಲ್ಲಿ ಅವರಿಗೆ ಇದ್ದದ್ದು ಒಂದು ಶಾಲು, ಒಂದು ಫಲತಾಂಬೂಲ.

ಊರಿನ ನೆನಪುಗಳು

ಅಂದಿನ ಸಭೆಯಲ್ಲಿ ಕೂತವರಿಗೆ ಸುಧಾರಣೆ ಹೊಸದೇನಲ್ಲ. 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆಯ ತಿದ್ದುಪಡಿಯಲ್ಲಿ, ದೇವರಾಜ ಅರಸು ಅವರ ಕಾಲದಲ್ಲಿ, ಭೂಮಿ ಪಡೆದ ಒಕ್ಕಲುಗಳ ಮಕ್ಕಳೂ ಭೂಮಿ ಕಳೆದುಕೊಂಡ ಧಣಿಗಳ ಮಕ್ಕಳೂ ಮುಂಬಯಿಯ ಇದೇ ಕುರ್ಚಿಗಳಲ್ಲಿ ಪಕ್ಕಪಕ್ಕ ಕೂರುತ್ತಾರೆ. ಕಳೆದುಕೊಂಡ ಮನೆಗಳಲ್ಲಿ ಕೆಲವು ಮುಂಬಯಿ ರೈಲು, ಬಸ್ಸು ಹತ್ತಿದ್ದೂ ಆಗಲೇ. ಆ ಕಾನೂನಿಗೆ ಇದ್ದ ವಿರೋಧದ ಮುಂದೆ ನಮ್ಮ ಮಹಾಸಭೆ ಮಕ್ಕಳಾಟ. ಆದರೂ ದಕ್ಷಿಣ ಕನ್ನಡದಲ್ಲಿ ಅದು ನೆಲಕ್ಕಿಳಿಯಿತು. ಒಂದು ಕಾರಣ, ಗೆಲ್ಲುವವನ ಕೈಯಲ್ಲಿ ಕಾಗದವಿತ್ತು. ಚಾಲಗೇಣಿಯ, ಅಂದರೆ ವರ್ಷವರ್ಷದ ಗೇಣಿಯ, ಒಕ್ಕಲು ತಾನು ಉಳುವ ಗದ್ದೆಯ ಸರ್ವೆ ನಂಬರು ಹಾಕಿ ಏಳನೇ ನಮೂನೆಯ ಡಿಕ್ಲರೇಷನ್ ತುಂಬಿ ತಾನೇ ಭೂನ್ಯಾಯಮಂಡಳಿಗೆ ಕೊಡಬಹುದಿತ್ತು. ಹೆದರಿ ಕೊಡದವರೂ ಇದ್ದರು. ಕೊಟ್ಟವರನ್ನು ಮಾತ್ರ ತಡೆಯುವುದು ಕಷ್ಟವಾಯಿತು.

ಇನ್ನೊಂದು ನೆನಪು ತದ್ವಿರುದ್ಧದ್ದು. ಟೀಚರ್ ಅದನ್ನು ಸಭೆಯಲ್ಲಿಯೇ ಹೇಳಿದರು. 1987ರ ಜನವರಿಯಲ್ಲಿ ಕರ್ನಾಟಕದಲ್ಲಿ ಜಿಲ್ಲಾ ಪರಿಷತ್ ಚುನಾವಣೆ ನಡೆಯಿತು. ಅಂದಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಕಟ್ಟಿದ ವ್ಯವಸ್ಥೆ. ಹೆಂಗಸರಿಗೆ ಶೇ. 25 ಮೀಸಲು, ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಶಾಲೆ, ಬೋರ್‌ವೆಲ್, ಆಸ್ಪತ್ರೆ ಎಲ್ಲ ಅವರ ಕೈಗೆ. ಬೋರ್‌ವೆಲ್ ಎಲ್ಲಿ ಕೊರೆಯಬೇಕು, ಮೇಷ್ಟ್ರನ್ನು ಎಲ್ಲಿಗೆ ವರ್ಗ ಮಾಡಬೇಕು ಎಂದು ಹೇಳುವ ಅಧಿಕಾರ ಕೈಬಿಟ್ಟ ಶಾಸಕರಿಗೆ ಇದು ಹಿಡಿಸಲಿಲ್ಲ. ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಮೊದಲ ಅವಧಿ ಮುಗಿದ ಮೇಲೆ ಹೊಸ ಚುನಾವಣೆ ನಡೆಯದೆ ಪರಿಷತ್ತುಗಳು ಆಡಳಿತಾಧಿಕಾರಿಗಳ ಕೈಗೆ ಹೋದವು. ಮತ್ತೆ ಜೀವ ಬಂದದ್ದು 73ನೇ ಸಂವಿಧಾನ ತಿದ್ದುಪಡಿಯ ನಂತರದ 1993ರ ಕಾಯ್ದೆಯಿಂದ. ಶಾಸಕರಿಗೆ ತಮ್ಮ ಕೈಬಿಟ್ಟದ್ದು ಏನೆಂದು ಖಚಿತವಾಗಿ ಗೊತ್ತಿತ್ತು. ಪರಿಷತ್ತಿನಿಂದ ನೀರು ಕಂಡ ಹಳ್ಳಿಯವರು ಅದಕ್ಕಾಗಿ ಬೆಂಗಳೂರಿಗೆ ಬಂದು ಕೂರಲಿಲ್ಲ.

ಸಂಘದ ಪ್ರಕರಣ ಈ ಎರಡನೆಯದಕ್ಕೆ ಹತ್ತಿರ. ತಿದ್ದುಪಡಿಯಿಂದ ಗೆಲ್ಲಬೇಕಾಗಿದ್ದವರು ಯಾರು? ಸೊಸೆಯಂದಿರು, ಬೇರೆ ಮನೆ ಮಾಡಿದ ಮಗ, ಹೋಟೆಲಿನ ಕೋಣೆಯಲ್ಲಿ ಮಲಗುವ, ಕುಟುಂಬವೇ ಊರಲ್ಲಿರುವ ಕೆಲಸಗಾರ. ಇವರಲ್ಲಿ ಯಾರಿಗೂ ಅಂದು ಮತವಿರಲಿಲ್ಲ, ಹಲವರು ಸಭೆಗೆ ಬಂದಿರಲೂ ಇಲ್ಲ. ಸೋಲುವವರು ಮೊದಲ ಎರಡು ಸಾಲಿನಲ್ಲಿ ಕೂತಿದ್ದರು. ಆದ್ದರಿಂದ ಆ ದಿನದ ಫಲಿತಾಂಶದಲ್ಲಿ ಅನಿರೀಕ್ಷಿತವೇನೂ ಇಲ್ಲ. ಹೋಟೆಲ್ ಕಾರ್ಮಿಕರು ಅಣ್ಣನ ಪರ ನಿಂತದ್ದಷ್ಟೇ ಉಪಸಮಿತಿಗೆ ನಿಜವಾದ ಸುದ್ದಿಯಾಗಬೇಕಿತ್ತು.

ಮರುವರ್ಷ

ಮುಂದಿನ ವರ್ಷ ಟೀಚರ್ ಮುಂದಾಳತ್ವ ವಹಿಸಿ ಠರಾವನ್ನು ಬಿಡಿಸಿ ನಾಲ್ಕು ಮಾಡಿದರು. ಮಹಾಸಭೆಗೆ ಮೊದಲೇ ಮಹಿಳಾ ವಿಭಾಗದವರ ಜೊತೆ ಕೂತು ಪಾಸ್‌ಬುಕ್ ಮಾತು ಮುಗಿಸಿದರು. ಸಂಘದ ಹೆಸರಿನಲ್ಲಿಯೇ ಪ್ರತ್ಯೇಕ ಖಾತೆ, ಸಹಿ ಮಾತ್ರ ವಿಭಾಗದ ಇಬ್ಬರದೇ, ಸಮಿತಿಯ ಠರಾವಿನ ಬಲದಿಂದ. ವರ್ಷದ ಕೊನೆಗೆ ಲೆಕ್ಕ ಬ್ಯಾಲೆನ್ಸ್ ಶೀಟಿಗೆ ಸೇರಬೇಕು. ನಮ್ಮ ಕಚೇರಿಯವರು ಇದಕ್ಕೆ ಅಡ್ಡಿಯಿಲ್ಲ ಎಂದು ಬರೆದುಕೊಟ್ಟರು. ಬ್ಯಾಂಕಿನವರು ನಾಲ್ಕು ಸಲ ಓಡಾಡಿಸಿ ಒಪ್ಪಿಕೊಂಡರು. ಈ ಸಲ ಹೆಂಗಸರೇ ಪ್ರತ್ಯೇಕ ಸದಸ್ಯತ್ವದ ಠರಾವಿಗೆ ಮನೆಮನೆ ತಿರುಗಿದರು. ಅದು ಪಾಸಾಯಿತು. ಮೂರು ತಿಂಗಳ ಜಮಾಖರ್ಚೂ ಪಾಸಾಯಿತು. ಅದನ್ನು ಓದಿ ಹೇಳುವ ಕೆಲಸ ಅಣ್ಣನದೇ ಎಂದು ಠರಾವಿನಲ್ಲಿಯೇ ಬರೆದರು. ಅವರು ಮೊದಲ ಸಲ ಓದಿದಾಗ ಅಂಗಡಿ ಬಾಡಿಗೆಯ ಬಾಕಿ ಎಷ್ಟು ತಿಂಗಳದ್ದು ಎಂದು ಎಲ್ಲರಿಗೂ ಗೊತ್ತಾಯಿತು. ಅಂಗಡಿಯವರಲ್ಲಿ ಒಬ್ಬ ಮಾಜಿ ಪದಾಧಿಕಾರಿಯ ಭಾವಮೈದ. ಮರುವಾರವೇ ಬಾಕಿ ಬಂತು.

ಎರಡು ಅವಧಿಯ ನಿಯಮ ಮತ್ತೆ ಬಿತ್ತು, ಈ ಸಲ ಸ್ವಲ್ಪದರಲ್ಲಿ. ಈಗಿನವರ ಅವಧಿಯನ್ನು ಸೊನ್ನೆಯಿಂದ ಎಣಿಸೋಣ ಎಂಬ ರಿಯಾಯಿತಿಗೂ ಅಧ್ಯಕ್ಷರು ಒಪ್ಪಲಿಲ್ಲ. ಅಣ್ಣ ಮಾತ್ರ ತಟಸ್ಥರಾಗಿ ಉಳಿದರು. ಯುವ ವಿಭಾಗದ ಇಬ್ಬರು ರಾತ್ರಿಯ ಫೋನುಗಳಿಗೆ ಅವರ ಜೊತೆ ಹೋಗತೊಡಗಿದ್ದಾರೆ. ಪೊಲೀಸ್ ಠಾಣೆಯಲ್ಲಿ ಯಾವ ಮೇಜಿಗೆ ಮೊದಲು ಹೋಗಬೇಕೆಂದು ಅವರಲ್ಲಿ ಒಬ್ಬನಿಗೆ ಈಗ ಗೊತ್ತು. ನೆರವು ನಿಧಿಗೆಂದು ಬೇರೆ ರಸೀದಿ ಪುಸ್ತಕ ಬಂದಿದೆ, ವಹಿ ಅದರ ಪಕ್ಕದಲ್ಲಿಯೇ ನಡೆಯುತ್ತಿದೆ.

ಹೊಸ ಸದಸ್ಯತ್ವಕ್ಕೆ ಬಂದ ಅರ್ಜಿಗಳು ಈಗ ಕಾರ್ಯಕಾರಿ ಸಮಿತಿಯ ಮುಂದಿವೆ. ಹೆಂಗಸರ ಅರ್ಜಿಗಳು ಬೇಗ ಮಂಜೂರಾದವು. ಹೋಟೆಲಿನ ಕೋಣೆಯನ್ನೇ ವಿಳಾಸವಾಗಿ ಕೊಟ್ಟ ಕೆಲಸಗಾರರದು ಮಾತ್ರ ಹಾಗೇ ಕೂತಿವೆ. ಕೇಳಿದರೆ ಅಧ್ಯಕ್ಷರು, "ಚೇಂಜ್ ರಿಪೋರ್ಟ್ ಪಾಸಾಗ್ಲಿ, ನೋಡುವ" ಎನ್ನುತ್ತಾರೆ. ಸದಸ್ಯರನ್ನು ಸೇರಿಸಿಕೊಳ್ಳುವುದಕ್ಕೂ ಚೇಂಜ್ ರಿಪೋರ್ಟಿಗೂ ಕಾನೂನಿನಲ್ಲಿ ಯಾವ ಸಂಬಂಧವೂ ಇಲ್ಲ. ಇದನ್ನು ನಾನು ಟೀಚರಿಗೆ ಹೇಳಿದ್ದೇನೆ, ಅವರು ಲಿಖಿತವಾಗಿ ಕೇಳಿದ್ದಾರೆ, ಉತ್ತರ ಇನ್ನೂ ಬಂದಿಲ್ಲ.